ಸನದಿ ಅಜ್ಜ ಯಾರ ಕಡೆ ಇದ್ದ?

ನಮ್ಮ ಮನೆತನದಲ್ಲಿ ಒಂದು ಕಥೆ ಓಡಾಡುತ್ತದೆ. 1858ರಲ್ಲಿ ನರಗುಂದದ ಬಾಬಾಸಾಹೇಬರು ಇಂಗ್ಲಿಷರ ಮೇಲೆ ಎದ್ದಾಗ ನಮ್ಮ ಹಿರಿಯನೊಬ್ಬ ಅವರ ದಂಡಿನಲ್ಲಿದ್ದ, ಸಿಕ್ಕಿಬಿದ್ದ, ಬೆಳಗಾವಿಯಲ್ಲಿ ಅವನನ್ನೂ ಗಲ್ಲಿಗೆ ಹಾಕಿದರು. ಹೇಳುವವರು ಬದಲಾದಂತೆ ಕತ್ತಿ ಹೋಗಿ ಬಂದೂಕು ಬರುತ್ತದೆ, ಅವನು ಕೊಂದ ಒಬ್ಬ ಸೋಜಿರ ಮೂವರಾಗುತ್ತಾರೆ. ಹೆಸರು ಮಾತ್ರ ಎಲ್ಲರೂ ಒಂದೇ ಹೇಳುತ್ತಾರೆ. ಅದನ್ನು ಇಲ್ಲಿ ಬರೆಯಲ್ಲ, ಯಾಕಂದ್ರೆ ಅದೇ ಹೆಸರಿನವರು ಊರಲ್ಲಿ ಈಗಲೂ ಇದ್ದಾರೆ, ಅವರಲ್ಲಿ ಒಬ್ಬರು ನನ್ನ ಕಾಕಾ. ನಾನು ಆ ಹಿರಿಯನನ್ನು ಸನದಿ ಅಜ್ಜ ಅಂತ ಕರೆಯುತ್ತೇನೆ. ಕಾರಣ ಮುಂದೆ ಬರುತ್ತದೆ.

ಕಾಕಾಗೆ ಈಗ ಒಂದೇ ಹಟ. ಪಂಚಾಯ್ತಿ ಕಟ್ಟೆಯ ಮುಂದೆ ಅವನ ಹೆಸರಿನ ಕಲ್ಲು ನಿಲ್ಲಿಸಬೇಕು, ಅದರ ಮೇಲೆ ಹುತಾತ್ಮ ಅಂತ ಕೆತ್ತಿಸಬೇಕು. "ನೀ ಓದಿದಾಂವ, ಒಂದು ಕಾಗದ ಹುಡುಕಿ ಕೊಟ್ಟರ ಸಾಕು" ಅಂದರು. ಒಂದು ಕಾಗದ! ಹೇಳೋದು ಎಷ್ಟು ಸುಲಭ ಅಲ್ವಾ.

ನರಗುಂದದ ಸಂಗತಿ ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳಿಬಿಡುತ್ತೇನೆ. ಭಾಸ್ಕರರಾವ್ ಭಾವೆ, ಅಂದರೆ ಬಾಬಾಸಾಹೇಬರು, ಆ ಚಿಕ್ಕ ಸಂಸ್ಥಾನದ ಒಡೆಯರು. ಮಕ್ಕಳಿರಲಿಲ್ಲ, ದತ್ತಕಕ್ಕೆ ಸರ್ಕಾರ ಒಪ್ಪಲಿಲ್ಲ. 1858ರ ಮೇ 29ರ ರಾತ್ರಿ ಸುರೇಬಾನದಲ್ಲಿ ತಂಗಿದ್ದ ಪೊಲಿಟಿಕಲ್ ಏಜೆಂಟ್ ಚಾರ್ಲ್ಸ್ ಮ್ಯಾನ್ಸನ್‌ನನ್ನು ಅವರ ಜನ ಕೊಂದರು, ತಲೆಯನ್ನು ತಂದು ನರಗುಂದದ ಅಗಸಿಗೆ ತೂಗುಹಾಕಿದರು. ಜೂನ್ ಶುರುವಿನಲ್ಲೇ ಕೋಟೆ ಬಿತ್ತು. ತಪ್ಪಿಸಿಕೊಂಡ ಬಾಬಾಸಾಹೇಬರು ತೊರಗಲ್ ಹತ್ತಿರ ಸಿಕ್ಕಿಬಿದ್ದರು, ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲಾಯಿತು. ಎಲ್ಲಾ ಸೇರಿ ಹದಿನೈದು ದಿನದ ಆಟ.

ಇದನ್ನು ಶಾಲೆಯಲ್ಲಿ ಕೇಳಿದ್ದೆ. ಕೇಳದೇ ಇದ್ದದ್ದು ಇನ್ನೊಂದು. ಸತ್ತ ಮ್ಯಾನ್ಸನ್ ಅದಕ್ಕೂ ಮೊದಲು ಇನಾಂ ಕಮಿಷನ್‌ನಲ್ಲಿ ಕೆಲಸ ಮಾಡಿದವನು. 1852ರ ಕಾಯಿದೆಯಲ್ಲಿ ಹುಟ್ಟಿದ ಕಮಿಷನ್ ಅದು. ಪೇಶ್ವೆ ಕಾಲದಿಂದಲೋ ಅದಕ್ಕೂ ಹಿಂದಿನಿಂದಲೋ ಇನಾಂ ಹೊಲ, ಅಂದರೆ ಕಂದಾಯ ಬಿಟ್ಟೋ ಕಡಿಮೆ ಮಾಡಿಯೋ ಕೊಟ್ಟ ಹೊಲ, ಉಣ್ಣುತ್ತಿದ್ದವರೆಲ್ಲ ಅದನ್ನು ಕೊಟ್ಟ ಹಕ್ಕುಪತ್ರ, ಅಂದರೆ ಸನದು, ತಂದು ತೋರಿಸಬೇಕು, ಇಲ್ಲ ಅಂದರೆ ಇನಾಂ ಹೋಗಿ ಹೊಲ ಖಾಲ್ಸಾ, ಪೂರಾ ಕಂದಾಯ ಕಟ್ಟು. ನೂರು ವರ್ಷದ ಹಿಂದೆ ಯಾರೋ ದೇಸಾಯಿ ಬರೆದುಕೊಟ್ಟ ಕಾಗದವನ್ನು ಗೆದ್ದಲಿನಿಂದ ಉಳಿಸಿಕೊಂಡವರು ಎಷ್ಟು ಜನ? ಸಾವಿರಾರು ಇನಾಂ ಹೋದವು. ಆ ಭಾಗದಲ್ಲಿ ಮ್ಯಾನ್ಸನ್ ಮೇಲೆ ಇದ್ದ ಸಿಟ್ಟು ಬರೀ ಸ್ವಾತಂತ್ರ್ಯದ ಸಿಟ್ಟಲ್ಲ, ಹೊಲದ ಸಿಟ್ಟೂ ಹೌದು.

ಆದರೆ ನಮಗೆ ಹೊಡೆತ ಕೊಟ್ಟ ಅದೇ ಕಮಿಷನ್ನಿನ ಕಾಗದಗಳೇ ನಮ್ಮ ಅಜ್ಜಂದಿರನ್ನು ಹುಡುಕುವುದಕ್ಕೆ ಇವತ್ತು ಅತಿ ಹೆಚ್ಚು ಕೆಲಸಕ್ಕೆ ಬರುತ್ತವೆ. ಇನಾಂ ನನ್ನದು ಅನ್ನಬೇಕಾದರೆ ಯಾರಿಂದ ಯಾರಿಗೆ ಬಂತು ಅಂತ ಹೇಳಬೇಕು. ಹಾಗಾಗಿ ಇನಾಮುದಾರ ಬರೆದುಕೊಟ್ಟ ಹೇಳಿಕೆಯಲ್ಲಿ, ಅಂದರೆ ಕೈಫಿಯತ್ತಿನಲ್ಲಿ, ವಂಶಾವಳಿ ಬರುತ್ತದೆ. ಹೊಲ ಇಲ್ಲದವನ ಅಜ್ಜನ ಹೆಸರು ಆ ಸರ್ಕಾರಕ್ಕೆ ಬೇಕಾಗಿರಲಿಲ್ಲ.

ಇದು ಸುಮ್ನೆ ಆಡುವ ಮಾತಲ್ಲ. ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ಇರುವವರು ಹಳೇ ಜನಗಣತಿ ತೆಗೆದು ಮುತ್ತಾತನ ಹೆಸರು, ವಯಸ್ಸು, ಕಸುಬು ಎಲ್ಲ ಕೂತಲ್ಲೇ ನೋಡುತ್ತಾರೆ. ನಮ್ಮಲ್ಲೂ 1881ರಿಂದ ಹತ್ತು ವರ್ಷಕ್ಕೊಮ್ಮೆ ಮನೆ ಮನೆ ಎಣಿಸಿದರು, ಆದರೆ ಮನೆಯವರ ಹೆಸರಿದ್ದ ಹಾಳೆಗಳನ್ನು ಇಟ್ಟುಕೊಳ್ಳಲಿಲ್ಲ. ಲೆಕ್ಕ ಮಾತ್ರ ಉಳಿಯಿತು. ನಮ್ಮ ತಾಲ್ಲೂಕಿನಲ್ಲಿ ಎಷ್ಟು ಎತ್ತು, ಎಷ್ಟು ಬಾವಿ ಅಂತ ಸಿಗಬಹುದು, ನನ್ನ ಮುತ್ತಜ್ಜಿ ಯಾರು ಅಂತ ಸಿಗಲ್ಲ. 1884ರ ಧಾರವಾಡ ಗೆಜೆಟಿಯರ್ ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತದೆ, ಓದಿ, ಚೆನ್ನಾಗಿದೆ. ಆದರೆ ನಮ್ಮಂಥವರ ಮನೆಯವರು ಅದರಲ್ಲಿ ಸಿಗುತ್ತಾರೆ ಅಂತ ಕಾಯಬೇಡಿ.

ಹಾಗಾಗಿ ಮನುಷ್ಯನನ್ನು ಬಿಟ್ಟು ಹೊಲದ ಬೆನ್ನು ಹತ್ತಿದೆ. ಇವತ್ತಿನ ಉತಾರದಿಂದ, ಅಂದರೆ ಪಹಣಿಯಿಂದ, ಶುರು. ಉತಾರದಲ್ಲಿ ಡೈರಿ ನಂಬರ್ ಇರುತ್ತದೆ, ಡೈರಿ ಅಂದರೆ ಹೊಲ ಕೈ ಬದಲಾದದ್ದರ ದಾಖಲೆ, ಅದನ್ನು ತೆಗೆಸಿದರೆ ಹೊಲ ಯಾರಿಂದ ಬಂತು, ವಾರಸಾನೋ, ವಾಟ್ನಿಯೋ (ಪಾಲು), ಖರೀದಿಯೋ ಅಂತ ಗೊತ್ತಾಗುತ್ತದೆ, ಅದರಲ್ಲಿ ಅದಕ್ಕಿಂತ ಹಳೇ ಡೈರಿಯ ನಂಬರ್ ಸಿಕ್ಕಿದರೆ ಅದರ ಹಿಂದೆ ಹೋಗುವುದು, ಹೀಗೇ. ಮುಂಬೈ ಪ್ರಾಂತದಲ್ಲಿ ಹಕ್ಕು ನೋಂದಣಿ ಕಾಯಿದೆ ಬಂದದ್ದು 1903ರಲ್ಲಿ. ಅಲ್ಲಿಯವರೆಗೆ ಮೆಟ್ಟಿಲು ಇದೆ. ಆಮೇಲೆ ಕೆಳಗೆ ಬಾವಿ. ಅದರಲ್ಲೂ ಮರು ಸರ್ವೆ ಆದಾಗ ಸರ್ವೆ ನಂಬರ್ ಬದಲಾಗಿರುತ್ತದೆ, ಹಳೇ ನಂಬರ್ ಹೊಸ ನಂಬರ್ ತಾಳೆ ಹಾಕದೆ ಹೋದರೆ ಪಕ್ಕದವರ ಅಜ್ಜನನ್ನು ನಮ್ಮ ಅಜ್ಜ ಅಂತ ಅಪ್ಪಿಕೊಂಡು ಬರಬೇಕಾಗುತ್ತದೆ.

ಒಂದು ಕಚೇರಿಯ ರೆಕಾರ್ಡ್ ರೂಮಿನಲ್ಲಿ ನಮ್ಮೂರಿನ ಹಳೇ ದಫ್ತರ ಮಳೆ ನೀರಿಗೆ ನೆಂದು ಅಂಟಿಕೊಂಡು ಇಟ್ಟಿಗೆಯಾಗಿತ್ತು. ಕೇಳಿದರೆ "ಹಳೇದು ಬಿಡ್ರಿ" ಅಂದರು. ಬಿಡ್ರಿ ಅಂದರೆ ಹೆಂಗೆ, ಬಂದಿದ್ದೇ ಹಳೇದಕ್ಕೆ.

ಆಸರೆ ಸಿಕ್ಕಿದ್ದು ಊರಲ್ಲೇ. ನಮ್ಮೂರ ಹಳೇ ಕುಲಕರ್ಣಿ ಮನೆಯ ಅಟ್ಟದ ಮೇಲೆ ಕೆಂಪು ರುಮಾಲಿನಲ್ಲಿ ಕಟ್ಟಿದ ಒಂದು ಗಂಟು ಇತ್ತು. ಅವರ ಮನೆಯ ಹಿರಿಯರು ತಮಗೆಂದು ಇಟ್ಟುಕೊಂಡ ಲೆಕ್ಕದ ಪ್ರತಿಗಳು. ದಪ್ಪ ಕಾಗದ, ಅಂಚೆಲ್ಲ ಹುಳ ತಿಂದಿದೆ, ಶಾಯಿ ಮಾತ್ರ ಇನ್ನೂ ಕಪ್ಪಗೆ ಹೊಳೆಯುತ್ತದೆ. ಬರಹ ಮೋಡಿ, ಹಿಂದೆ ಮರಾಠಿ ಬರೆಯುತ್ತಿದ್ದ ಓಟದ ಲಿಪಿ. ಮೊದಲು ಆ ಕಡೆಯಿಂದ ಈ ಕಡೆಗೆ ಒಂದು ಗೆರೆ ಎಳೆದು, ಅದಕ್ಕೆ ಅಕ್ಷರಗಳನ್ನು ಕೈ ಎತ್ತದೆ ಬರೆದುಕೊಂಡು ಹೋಗಿದ್ದಾರೆ. ನನಗೆ ಒಂದು ಅಕ್ಷರ ಬರಲ್ಲ. ಮೋಡಿ ಓದುವ ನಿವೃತ್ತ ಮಾಸ್ತರರೊಬ್ಬರು ಭೂತಗನ್ನಡಿ ಹಿಡಿದು ಸಾಲು ಸಾಲಾಗಿ ಓದಿ ಹೇಳಿದರು. ನಂಬರು, ಎಕರೆ, ಗುಂಟೆ, ಆಕಾರ (ಹೊಲದ ಕಂದಾಯ), ಕೊನೆಗೆ ಹೆಸರು. ಒಂದು ಸಾಲಿನಲ್ಲಿ ಬೆರಳು ನಿಲ್ಲಿಸಿ ನಮ್ಮ ಅಜ್ಜನ ಹೆಸರು ಓದಿದರು. ಅದರ ಪಕ್ಕದಲ್ಲಿ "ಶೇತಸನದಿ, ಚಾಲೂ" ಅಂತ ಇತ್ತು. ಹಾಳೆಯ ತಲೆಯ ಮೇಲೆ ಫಸಲಿ 1272.

ಫಸಲಿ ಅಂದರೆ ಕಂದಾಯ ಲೆಕ್ಕದ ವರ್ಷ, ಅದಕ್ಕೆ 590 ಸೇರಿಸಿದರೆ ನಮ್ಮ ಇಸವಿ. ಅಂದರೆ 1862-63.

1858ರಲ್ಲಿ ಗಲ್ಲಿಗೇರಿದವನು ನಾಲ್ಕು ವರ್ಷ ಆದಮೇಲೆ ಇನಾಂ ಹೊಲ ಉಣ್ಣುತ್ತಿದ್ದಾನೆ!

ಶೇತಸನದಿ ಅಂದರೆ ಏನು ಅಂತ ಹೊಸಬರಿಗೆ ಗೊತ್ತಿರಲ್ಲ. ಧಾರವಾಡ ಬೆಳಗಾವಿ ಸೀಮೆಯಲ್ಲಿ ಹೊಲ ಕೊಟ್ಟು ಚಾಕರಿ ಮಾಡಿಸಿಕೊಳ್ಳುತ್ತಿದ್ದ ಆಯುಧದ ಜನ ಇವರು. ಮೊದಲು ಕೋಟೆ ಕಾಯುತ್ತಿದ್ದರು, ಕಂಪನಿ ಬಂದಮೇಲೆ ಖಜಾನೆ ಕಾವಲು, ಕಳ್ಳರನ್ನು ಹಿಡಿಯುವುದು, ಸಾಹೇಬ ಊರಿಗೆ ಬಂದರೆ ಅವನ ಹಿಂದೆ ಮುಂದೆ ಓಡಾಡುವುದು. ಅಂದರೆ ಒಂದು ಲೆಕ್ಕದಲ್ಲಿ ಸರ್ಕಾರಿ ಪೊಲೀಸು. ಬಂಡಾಯದಲ್ಲಿ ಸೇರಿದವರ ಆಸ್ತಿಯನ್ನು ಇಂಗ್ಲಿಷರು ಜಪ್ತಿ ಮಾಡುತ್ತಿದ್ದ ಕಾಲ ಅದು. ಅಂಥದ್ದರಲ್ಲಿ ಇವನ ಹೊಲದ ಮುಂದೆ ಚಾಲೂ ಅಂತ ಬಿದ್ದಿದೆ. ಕಾಕಾಗೆ ಇದನ್ನು ಹೇಗೆ ಹೇಳಲಿ? ಅಜ್ಜ ಬಾಬಾಸಾಹೇಬರ ಕಡೆ ಇದ್ದನೋ, ಬಾಬಾಸಾಹೇಬರನ್ನು ಹಿಡಿಯಲು ಹೋದವರ ಕಡೆ ಇದ್ದನೋ?

ಇಲ್ಲಿ ಇನ್ನೊಂದು ತೊಡಕಿದೆ. ನಮ್ಮಲ್ಲಿ ಮೊಮ್ಮಗನಿಗೆ ಅಜ್ಜನ ಹೆಸರು ಇಡುವ ರೂಢಿ. ಕಲ್ಲಪ್ಪನ ಮಗ ಯಲ್ಲಪ್ಪ, ಯಲ್ಲಪ್ಪನ ಮಗ ಮತ್ತೆ ಕಲ್ಲಪ್ಪ. ದಾಖಲೆಯಲ್ಲಿ ಕಲ್ಲಪ್ಪ ಬಿನ್ ಯಲ್ಲಪ್ಪ ಅಂತ ಇದ್ದರೆ ಅದು ಅಜ್ಜನೋ ಮೊಮ್ಮಗನೋ ದೇವರೇ ಹೇಳಬೇಕು. 1862ರಲ್ಲಿ ಇದ್ದವನು ಗಲ್ಲಿಗೇರಿದವನ ಮೊಮ್ಮಗನೇ ಆಗಿರಬಹುದು, ದೊಡ್ಡಪ್ಪನ ಮಗನೂ ಆಗಿರಬಹುದು. ಒಂದೇ ಹೆಸರು ಸಿಕ್ಕಿತು ಅಂತ ಅದನ್ನು ನಮ್ಮ ವಂಶವೃಕ್ಷಕ್ಕೆ ಅಂಟಿಸುವವರನ್ನು ನಾನು ಜಾಸ್ತಿ ನಂಬಲ್ಲ. ಹೆಸರು, ಅಪ್ಪನ ಹೆಸರು, ಹೊಲದ ನಂಬರ್, ಈ ಮೂರೂ ಕೂಡಿದರೆ ಮಾತ್ರ ಮುಂದೆ ಮಾತು.

ಸರ್ಕಾರದ ಕಾಗದ ಇಲ್ಲಿಗೆ ಕೈಬಿಟ್ಟಾಗ ಹೆಳವರು ನೆನಪಾದರು. ಉತ್ತರ ಕರ್ನಾಟಕದವರಿಗೆ ಹೇಳಬೇಕಾಗಿಲ್ಲ. ಸುಗ್ಗಿ ಮುಗಿದ ಮೇಲೆ ಎತ್ತಿನ ಜೊತೆ ಊರಿಗೆ ಬಂದು, ಬಾಗಿಲಲ್ಲಿ ನಿಂತು, ನಮ್ಮ ತಲೆಮಾರುಗಳನ್ನು ನಮಗಿಂತ ಚೆನ್ನಾಗಿ ಹೇಳಿ, ಕಾಳು ಕಡಿ ತೆಗೆದುಕೊಂಡು ಹೋಗುವವರು. ಅವರಲ್ಲೂ ಪುಸ್ತಕಗಳಿವೆ, ಮನೆತನಕ್ಕೆ ಇಂತಿಷ್ಟು ಹಾಳೆ. ನಮ್ಮ ಮನೆತನದ ಹೆಳವರು ಬರುವ ದಿನ ಕೇಳಿಕೊಂಡು ಊರಿಗೆ ಹೋದೆ. ಅವರು ಮೂಲ ಊರಿನಿಂದ ಹಿಡಿದು ರಾಗವಾಗಿ ಹೇಳುತ್ತಾ ಬಂದರು. ಸನದಿ ಅಜ್ಜನ ತಲೆಮಾರು ಬಂದಾಗ ನಮಗೆ ಯಾರಿಗೂ ಗೊತ್ತಿಲ್ಲದ ಸಂಗತಿ ಬಂತು: ಅಣ್ಣತಮ್ಮಂದಿರು ಇಬ್ಬರಂತೆ. ದೊಡ್ಡವನು ಊರಲ್ಲಿ ಉಳಿದ. ಸಣ್ಣವನ ಹೆಸರು ಹೇಳಿ, "ಕಾಳಯುಕ್ತಿ ಸಂವತ್ಸರದಾಗ ಮನಿ ಬಿಟ್ಟು ಹ್ವಾದಾಂವ, ತಿರುಗಿ ಬರಲಿಲ್ರಿ ಧಣಿ" ಅಂದರು.

ಮನೆಗೆ ಬಂದು ಲೆಕ್ಕ ಹಾಕಿದೆ. 1858ರ ಯುಗಾದಿಯಿಂದ ಕಾಳಯುಕ್ತಿ. ಮ್ಯಾನ್ಸನ್ ಸತ್ತದ್ದು ಅದೇ ಸಂವತ್ಸರದಲ್ಲಿ. ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ಆದರೆ ಸಂವತ್ಸರ 60 ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ ಅಲ್ವಾ. ಮುಂದಿನ ಕಾಳಯುಕ್ತಿ 1918. ಮುಂಬೈ ಪ್ರಾಂತದಲ್ಲಿ ಇನ್‌ಫ್ಲುಯೆಂಜಾ ಬಂದು ಊರೂರು ಖಾಲಿಯಾದ ವರ್ಷ, ಮೇಲೆ ಮಳೆ ಬೇರೆ ಇಲ್ಲ. ಆ ವರ್ಷ ಮನೆ ಬಿಟ್ಟು ಹೋಗಿ ತಿರುಗಿ ಬಾರದವರಿಗೆ ಬಂಡಾಯದ ಕಾರಣ ಬೇಕಾಗಿರಲಿಲ್ಲ. ಹೆಸರು ತಲೆಮಾರು ಬಿಟ್ಟು ತಲೆಮಾರು ಮರಳುವ ಮನೆಯಲ್ಲಿ 1858ರವನೂ 1918ರವನೂ ಬಾಯಿಮಾತಿನಲ್ಲಿ ಒಬ್ಬನೇ ಆಗಿಬಿಟ್ಟಿರಬಹುದು. ಹೆಳವರ ಪಟ್ಟಿಯಲ್ಲಿ ಅವನು ನಿಂತ ಜಾಗ ನೋಡಿದರೆ ನನಗೆ 1858ರ ಕಡೆಗೇ ಒಲವು. ಕೆಳಗಿನ ತಲೆಮಾರು ಎಣಿಸಿದರೆ 1918ಕ್ಕೆ ಅವನು ತೀರಾ ಮುದುಕ ಆಗಬೇಕಾಗುತ್ತದೆ. ಆದರೂ ತಲೆಮಾರಿಗೆ ಇಷ್ಟೇ ವರ್ಷ ಅಂತ ಹಿಡಿಯುವುದು ಅಂದಾಜೇ, ಅದರ ಮೇಲೆ ಕಲ್ಲು ನಿಲ್ಲಿಸೋಕೆ ಆಗಲ್ಲ.

ಸದ್ಯ ನನಗೆ ಕಾಣುತ್ತಿರುವುದು ಇಷ್ಟು. ದೊಡ್ಡವನು ಸನದಿ ಚಾಕರಿಯಲ್ಲಿ ಉಳಿದ, ಹೊಲ ಉಳಿಸಿಕೊಂಡ, ದಾಖಲೆಯಲ್ಲಿ ಇರುವವನು ಅವನೇ, ನಾವೆಲ್ಲ ಅವನ ಮಕ್ಕಳು ಮೊಮ್ಮಕ್ಕಳು. ಸಣ್ಣವನು ನರಗುಂದಕ್ಕೆ ಹೋದ. ಹೊಲ ಅಣ್ಣನ ಹೆಸರಲ್ಲಿ ಇದ್ದದ್ದರಿಂದ ಅವನ ಹೆಸರು ಯಾವ ಕಂದಾಯದ ಕಾಗದಕ್ಕೂ ಬೀಳಲಿಲ್ಲ. ಆಮೇಲೆ ಮನೆಯವರು ಸಣ್ಣವನ ಸಾವನ್ನು ದೊಡ್ಡವನ ಹೆಸರಿಗೆ ಕಟ್ಟಿದರು. ಸರ್ಕಾರಿ ಚಾಕರಿಯ ಅಜ್ಜನಿಗಿಂತ ಗಲ್ಲಿಗೇರಿದ ಅಜ್ಜ ಇದ್ದರೆ ಯಾರಿಗೆ ಬೇಡ? ಒಂದೇ ಮನೆಯಲ್ಲಿ ಒಬ್ಬ ಆ ಕಡೆ ಒಬ್ಬ ಈ ಕಡೆ ಇದ್ದಿದ್ದು ಆ ಕಾಲಕ್ಕೆ ಅಪರೂಪವೂ ಆಗಿರಲಿಕ್ಕಿಲ್ಲ. ಇಬ್ಬರೂ ಹೊಲಕ್ಕೋಸ್ಕರವೇ ಮಾಡಿದರು ಅಂತ ನನಗನಿಸುತ್ತದೆ, ಒಬ್ಬ ಉಳಿಸಿಕೊಳ್ಳಲು, ಒಬ್ಬ ಕಿತ್ತುಕೊಂಡವರ ಮೇಲಿನ ಸಿಟ್ಟಿಗೆ. ಇದು ನನ್ನ ಊಹೆ, ಪುರಾವೆ ಅಲ್ಲ.

ಪುರಾವೆ ಇದ್ದರೆ ಅದು ಮುಂಬೈಯಲ್ಲಿ ಇರಬೇಕು. ಆಗ ನಮ್ಮ ಸೀಮೆ ಮುಂಬೈ ಪ್ರಾಂತಕ್ಕೆ ಸೇರಿತ್ತು, ಹಾಗಾಗಿ 1858ರ ರಾಜಕೀಯ ಮತ್ತು ನ್ಯಾಯ ಇಲಾಖೆಯ ಕಡತಗಳನ್ನು ಹುಡುಕಬೇಕಾದದ್ದು ಅಲ್ಲಿನ ಎಲ್ಫಿನ್‌ಸ್ಟನ್ ಕಾಲೇಜಿನ ಕಟ್ಟಡದಲ್ಲಿರುವ ಮಹಾರಾಷ್ಟ್ರದ ಪತ್ರಾಗಾರದಲ್ಲಿ. ದೆಹಲಿಯ ರಾಷ್ಟ್ರೀಯ ಪತ್ರಾಗಾರದ ಅಭಿಲೇಖ ಪಟಲ್ ಅನ್ನೋ ಜಾಲತಾಣವನ್ನೂ ಮನೆಯಲ್ಲೇ ಕೂತು ಜಾಲಾಡಬಹುದು, ವಿದೇಶಾಂಗ ಇಲಾಖೆಯ ಹಳೇ ಕಡತಗಳು ಅದರಲ್ಲಿ ಬಹಳ ಇವೆ. ಹುಡುಕುವಾಗ ಸ್ಪೆಲಿಂಗ್ ಬದಲಿಸಿ ಬದಲಿಸಿ ಹಾಕಿ. ಸಾಹೇಬರು ನಮ್ಮ ಹೆಸರುಗಳನ್ನು ಕಿವಿಗೆ ಬಿದ್ದ ಹಾಗೆ ಬರೆದುಕೊಂಡಿದ್ದಾರೆ, ಯಲ್ಲಪ್ಪ ಅಲ್ಲಿ ಎಲ್ಲಾಪಾ ಆಗಿರುತ್ತಾನೆ. ನಾನು ಈಗ ಹುಡುಕುತ್ತಿರುವುದು ಅಣ್ಣನ ಹೆಸರನ್ನಲ್ಲ, ಹೆಳವರು ಹೇಳಿದ ತಮ್ಮನ ಹೆಸರನ್ನು.

ಇದನ್ನೆಲ್ಲ ಕಾಕಾಗೆ ಫೋನಿನಲ್ಲಿ ಹೇಳಿದೆ. ಪೂರ್ತಿ ಕೇಳಿದರು. "ಹಂಗಾದ್ರ ಕಲ್ಲಿನ ಮ್ಯಾಲೆ ಯಾರ ಹೆಸರು ಬರಸೂಣು?" ಅಂದರು. ಸದ್ಯ ಯಾರದ್ದೂ ಬೇಡ ಅಂದೆ. ಕಲ್ಲಿಗೆ ಮುಂಗಡ ಕೊಟ್ಟಾಗಿದೆಯಂತೆ.