ಬರೋಲೊ ಗುಡ್ಡಗಳಲ್ಲಿ ದಿನಕ್ಕೆ ಎರಡೇ ಭೇಟಿ

ಇಟಲಿಯ ವೈನ್ ನಾಡೆಂದರೆ ಹೆಚ್ಚಿನವರು ಟಸ್ಕನಿಗೆ ಹೊರಡುತ್ತಾರೆ. ನಾವು ಹೋದದ್ದು ವಾಯುವ್ಯ ಇಟಲಿಯ ಪಿಯೆಮೊಂಟೆ ಪ್ರಾಂತ್ಯದ ಲಾಂಗೆ ಗುಡ್ಡಗಳಿಗೆ. ಅಕ್ಕನ ಮಗ ತುರಿನ್‌ನಲ್ಲಿ ಓದುತ್ತಿದ್ದಾನೆ. ಅಲ್ಲಿಂದ ಆ ಗುಡ್ಡಗಳ ಪೇಟೆ ಆಲ್ಬಾ ದೂರವಲ್ಲ. ಜೊತೆಗೆ, ನೆಬ್ಬಿಯೋಲೊ ದ್ರಾಕ್ಷಿಯಿಂದ ಮಾಡುವ ಬರೋಲೊ ವೈನನ್ನು ಅದರ ಸ್ವಂತ ಊರಲ್ಲೇ ಕುಡಿದು ನೋಡಬೇಕೆಂಬುದು ನನ್ನ ಬಹುದಿನದ ಆಸೆ.

"ಮಾಮ, ದಿನಕ್ಕೆ ಎರಡೇ ವೈನರಿ ಇಟ್ಕೊಳ್ಳೋಣ. ಬೆಳಿಗ್ಗೆ ಒಂದು, ಊಟ ಆದ್ಮೇಲೆ ಒಂದು" ಎಂದ ಅವನು ಫೋನಿನಲ್ಲೇ. ಆ ಮಾತಿನ ಸುತ್ತಲೇ ಉಳಿದೆಲ್ಲ ಏರ್ಪಾಟು ನಡೆಯಿತು. ಅಲ್ಲಿನ ವೈನರಿಗಳಲ್ಲಿ ಬಹಳಷ್ಟು ಸಣ್ಣ ಮನೆತನಗಳವು. ಬಳ್ಳಿ ಸವರುವವರೇ ಬಂದವರಿಗೆ ವೈನ್ ಸುರಿದು ಕೊಡುತ್ತಾರೆ. ಮೊದಲೇ ಮೇಲ್ ಬರೆದು ಹೊತ್ತು ಗೊತ್ತುಮಾಡಿಕೊಳ್ಳಬೇಕು. ಮಧ್ಯಾಹ್ನ ಊಟದ ಹೊತ್ತಿಗೆ ಬಾಗಿಲು ಹಾಕುತ್ತಾರೆ, ಭಾನುವಾರ ಹಲವರು ತೆರೆಯುವುದೇ ಇಲ್ಲ. ಸೆಪ್ಟೆಂಬರ್ ಕೊನೆಯಿಂದ ಕೊಯ್ಲಿನ ಗಡಿಬಿಡಿ, ಅದರ ಬೆನ್ನಿಗೇ ಆಲ್ಬಾದಲ್ಲಿ ಬಿಳಿ ಟ್ರಫಲ್ ಎಂಬ ನೆಲದಡಿಯ ಅಣಬೆಯ ಜಾತ್ರೆ. ಹಾಗಾಗಿ ಮೇ ತಿಂಗಳು ಹಿಡಿದೆವು.

ಆ ಎರಡು ಯಾವುವು ಎಂಬುದನ್ನು ಮಣ್ಣು ನೋಡಿ ತೀರ್ಮಾನಿಸಿದೆವು. ಬರೋಲೊ ಎನ್ನಿಸಿಕೊಳ್ಳುವ ವೈನ್ ಹನ್ನೊಂದು ಊರುಗಳ ವ್ಯಾಪ್ತಿಯಲ್ಲಿ ತಯಾರಾಗುತ್ತದೆ. ಪೂರ್ವದ ಸೆರ್ರಲುಂಗಾ ಕಡೆಯ ಮಣ್ಣು ಹೆಚ್ಚು ಹಳೆಯದು. ಅಲ್ಲಿನ ವೈನ್ ಗಡಸು, ಪಳಗಲು ವರ್ಷಗಳು ಬೇಕು. ಪಶ್ಚಿಮದ ಲಾ ಮೊರ್ರಾದಲ್ಲಿ ಸಾಮಾನ್ಯವಾಗಿ ಮೆದು, ಪರಿಮಳ ಮುಂದು. ಬೆಳಿಗ್ಗೆ ಅದು, ಮಧ್ಯಾಹ್ನ ಇದು.

ಕಾರಿಗೆ ಡ್ರೈವರ್ ಗೊತ್ತುಮಾಡಿದೆವು. ಇಟಲಿಯಲ್ಲಿ ಲೀಟರ್ ರಕ್ತಕ್ಕೆ 0.5 ಗ್ರಾಂ ಆಲ್ಕೋಹಾಲ್ ಮಿತಿ. ಲೈಸೆನ್ಸ್ ಸಿಕ್ಕ ಮೊದಲ ಮೂರು ವರ್ಷ ಅದೂ ಸೊನ್ನೆ. ರುಚಿ ನೋಡಲು ಹೋಗುವವರಲ್ಲಿ ಒಬ್ಬರನ್ನು ಸ್ಟೇರಿಂಗಿಗೆ ಕೂರಿಸುವುದು ಅನ್ಯಾಯವೂ ಹೌದು.

ಸೆರ್ರಲುಂಗಾದಲ್ಲಿ ನಮ್ಮನ್ನು ಎದುರುಗೊಂಡದ್ದು ಮನೆಯ ಹಿರಿಯಾಕೆ. ನೆಲಮಾಳಿಗೆಯಲ್ಲಿ ಆಳೆತ್ತರದ ಓಕ್ ಪೀಪಾಯಿಗಳು. ಬರೋಲೊ ಮಾರುಕಟ್ಟೆಗೆ ಬರುವ ಮೊದಲು ಕಡಿಮೆಯೆಂದರೂ 38 ತಿಂಗಳು ಮಾಗಬೇಕು, ಅದರಲ್ಲಿ 18 ತಿಂಗಳು ಮರದಲ್ಲೇ. ಅಷ್ಟು ದಿನ ದುಡ್ಡು ಕಾಣದೆ ಕಾಯುವ ಸಂಸಾರಗಳ ತಾಳ್ಮೆಗೆ ನನ್ನ ಗೌರವ ಅಲ್ಲೇ ಹೆಚ್ಚಿತು. ಗ್ಲಾಸಿನಲ್ಲಿ ಬಣ್ಣ ತೆಳುಗೆಂಪು, ಮೂಗಿಗೆ ಗುಲಾಬಿ. ಬಾಯಿಗೆ ಹಾಕಿದರೆ ಹಸಿ ಅಡಿಕೆ ಅಗಿದ ಹಾಗೆ ಒಗರು ನಾಲಿಗೆ ಹಿಡಿಯಿತು. ರುಚಿ ನೋಡಿದ ವೈನನ್ನು ಉಗುಳುವ ಪಾತ್ರೆ ಮುಂದಿಟ್ಟಾಗ ನನ್ನವಳು "ಅವರೆದುರಿಗೇ ಉಗುಳೋದಾ?" ಎಂದು ಪಿಸುಗುಟ್ಟಿದಳು. ಮಾತು ತಿಳಿಯದಿದ್ದರೂ ಮುಖ ನೋಡಿಯೇ ಅರ್ಥವಾಯಿತೇನೋ, ಆಕೆಯೇ ಮೊದಲು ಉಗುಳಿ ನಕ್ಕರು. ಆಮೇಲೆ ನಮಗೂ ಸಂಕೋಚ ಉಳಿಯಲಿಲ್ಲ.

ಹನ್ನೆರಡರೊಳಗೆ ಇನ್ನೊಂದು ಕಡೆ ಹಾಜರಾಗಬೇಕಿದ್ದರೆ ಅಲ್ಲಿಗೇ ಎದ್ದು ಬರಬೇಕಿತ್ತು. ನಮಗೆ ಹೊತ್ತಿತ್ತು. ಆಕೆ ತೋಟಕ್ಕೆ ಕರೆದೊಯ್ದು, ತೆಂಕಣ ಬಿಸಿಲು ಬೀಳುವ ಇಳಿಜಾರನ್ನೇ ನೆಬ್ಬಿಯೋಲೊಗೆ ಮೀಸಲಿಟ್ಟದ್ದನ್ನು ತೋರಿಸಿದರು. ಚಳಿಗಾಲದ ಹಿಮ ಮೊದಲು ಕರಗುವ ಜಾಗ ನೋಡಿ ಹಿಂದಿನವರು ಅದನ್ನು ಗುರುತಿಸುತ್ತಿದ್ದರಂತೆ.

ಲಾ ಮೊರ್ರಾದಲ್ಲಿ ಊಟಕ್ಕೆ ಬೆಣ್ಣೆ, ಸೇಜ್ ಎಲೆ ಹಾಕಿದ ತಯಾರಿನ್ ಎಂಬ ಸಣ್ಣ ಎಳೆಯ ಪಾಸ್ತಾ. ಅದರಲ್ಲಿ ಮೊಟ್ಟೆಯ ಹಳದಿ ಧಾರಾಳ, ಮೊಟ್ಟೆ ತಿನ್ನದವರು ಮೊದಲೇ ಕೇಳಿಕೊಳ್ಳಬೇಕು. ಆಮೇಲೆ ಕುಡಿದ ವೈನ್ ಅದೇ ದ್ರಾಕ್ಷಿ, ಅದೇ ವರ್ಷದ ಕೊಯ್ಲು. ಆದರೆ ಒಗರು ಎಷ್ಟೋ ಹಗುರ. ಕಣಿವೆಯಾಚೆ ಬೆಳಿಗ್ಗೆ ನಿಂತಿದ್ದ ಗುಡ್ಡವನ್ನು ಅಳಿಯ ಬೆರಳು ಮಾಡಿ ತೋರಿಸಿದ.

ಮರುದಿನ ಬಾರ್ಬರೆಸ್ಕೊ, ಅದೂ ನೆಬ್ಬಿಯೋಲೊ ವೈನಿನದೇ ಊರು. ಅಲ್ಲಿ ಸಾನ್ ದೊನಾತೊ ಎಂಬ ಹಳೆಯ ಚರ್ಚೇ ಈಗ ಪ್ರಾದೇಶಿಕ ವೈನ್ ಮಳಿಗೆಯಾಗಿದೆ; ಹಲವು ಉತ್ಪಾದಕರ ಬಾಟಲಿಗಳು ಒಂದೇ ಸೂರಿನಡಿ. ಮೇಲ್ ಬರೆದು ಉತ್ತರ ಸಿಗದವರು ಮೊದಲು ಅಲ್ಲಿಗೆ ಹೋಗಲಿ.