ಸದ್ದು ನಿಂತಿದೆ, ಒಳ್ಳೇದಲ್ವಾ ಸರ್?

ಭಾನುವಾರ ನಾವು ಹಳೇ ಕಾರಿನವರು ಸೇರಿದ್ದಾಗ ಕೇಳಿದ ಒಂದು ಮಾತು ಇನ್ನೂ ಕಿವಿಯಲ್ಲೇ ಇದೆ.

"ಸರ್, ಗಾಡಿ ತಗೊಂಡಾಗ ಹಿಂದಿನಿಂದ ಟಕ್ ಟಕ್ ಅಂತ ಟ್ಯಾಪೆಟ್ ಸೌಂಡ್ ಬರ್ತಿತ್ತು. ಈಗ ತಾನಾಗೇ ನಿಂತುಹೋಗಿದೆ. ಒಳ್ಳೇದಲ್ವಾ ಸರ್?"

"ಮೊದಲು ಪುಸ್ತಕ ಓದ್ಕೊಂಡು ಬಾರಮ್ಮ. ಇಷ್ಟೂ ಗೊತ್ತಿಲ್ಲದೆ ಬೀಟಲ್ ಯಾಕೆ ತಗೊಂಡೆ?"

ಕೇಳಿದವಳು ಹೊಸಬಳು. 1969ರ ಫೋಕ್ಸ್‌ವ್ಯಾಗನ್ ಬೀಟಲ್, ಇಂಜಿನ್ ಹಿಂದೆ ಇರುವ ಕಾರು, ಕೊಂಡು ಇನ್ನೂ ಹೆಚ್ಚು ದಿನವಾಗಿಲ್ಲ. ಉತ್ತರ ಕೊಟ್ಟವರು ಹಳಬರು, ಹಳೇ ಗಾಡಿ ಇಟ್ಟುಕೊಂಡಿರುವ ನಮ್ಮ ಪೈಕಿ ಎಲ್ಲರಿಗಿಂತ ಹೆಚ್ಚು ಬಲ್ಲವರು. ಸುತ್ತ ನಿಂತವರಲ್ಲಿ ಇಬ್ಬರು ಮೂವರು ನಕ್ಕರು. ಅವಳು ಕೈಯಲ್ಲಿದ್ದ ಪುಟ್ಟ ನೋಟ್‌ಬುಕ್ ಮುಚ್ಚಿ ಬ್ಯಾಗಿಗೆ ಹಾಕಿಕೊಂಡಳು. ಆ ನೋಟ್‌ಬುಕ್ ಮುಚ್ಚಿಕೊಂಡಿದ್ದನ್ನು ನೋಡಿ ನನಗೆ ಸಿಟ್ಟು ಬಂತು, ಈಗಲೂ ಇಳಿದಿಲ್ಲ. ಯಾವ ಬಣ್ಣ ಒರಿಜಿನಲ್, ಯಾವ ಬಂಪರ್ ಯಾವ ವರ್ಷದ್ದು ಅಂತ ಅವತ್ತು ಗಂಟೆಗಟ್ಟಲೆ ಮಾತು ನಡೆದಿತ್ತು. ಆ ಎಲ್ಲ ಮಾತಿನ ನಡುವೆ, ತಕ್ಷಣ ಉತ್ತರ ಬೇಕಾಗಿದ್ದ ಪ್ರಶ್ನೆ ಅವಳದೊಂದೇ.

ಬೀಟಲ್ ಇಂಜಿನ್ನಿನಲ್ಲಿ ಟ್ಯಾಪೆಟ್ ಸದ್ದು ಸ್ವಲ್ಪ ಇರಬೇಕು. ಸಿಲಿಂಡರಿನ ಬಾಗಿಲಿನಂತಿರುವ ವಾಲ್ವನ್ನು ಒತ್ತಿ ತೆರೆಯುವ ಸನ್ನೆಗೆ ರಾಕರ್ ಅನ್ನುತ್ತಾರೆ. ಆ ರಾಕರ್‌ಗೂ ವಾಲ್ವಿನ ತುದಿಗೂ ನಡುವೆ, ಇಂಜಿನ್ ಪೂರ್ತಿ ತಣ್ಣಗಿರುವಾಗ, 0.15 ಮಿ.ಮೀ. ಸಂದು ಬಿಟ್ಟಿರುತ್ತಾರೆ. ಆ ಸಂದಿನಲ್ಲಿ ರಾಕರ್ ಬಡಿಯುವುದೇ ಟ್ಯಾಪೆಟ್ ಸದ್ದು. ಆ ಸಂದು ಇದ್ದರೇ ವಾಲ್ವ್ ತನ್ನ ಸೀಟಿನ, ಅಂದರೆ ತಾನು ಮುಚ್ಚಿಕೂರುವ ಬಳೆಯ, ಮೇಲೆ ಪೂರ್ತಿ ಕೂರುತ್ತದೆ. ಸುಟ್ಟ ಹೊಗೆ ಹೊರಬಿಡುವ ಎಕ್ಸಾಸ್ಟ್ ವಾಲ್ವ್ ಕೆಂಪಗೆ ಕಾಯುವ ವಸ್ತು. ಸೀಟಿನ ಮೇಲೆ ಕೂತಿರುವ ಅಷ್ಟು ಹೊತ್ತಿನಲ್ಲೇ ತನ್ನ ಬಿಸಿಯನ್ನು ಸಿಲಿಂಡರಿನ ತಲೆಭಾಗವಾದ ಹೆಡ್‌ಗೆ ದಾಟಿಸಿ ಅದು ಉಸಿರಾಡಬೇಕು. ಓಡುತ್ತಾ ಓಡುತ್ತಾ ವಾಲ್ವ್ ಸೀಟಿನೊಳಗೆ ಇಳಿದರೆ ಅಥವಾ ಅದರ ಕಾಂಡ ಎಳೆದುಕೊಂಡು ಉದ್ದವಾದರೆ, ಸಂದು ಸಣ್ಣದಾಗುತ್ತದೆ. ಸಂದು ಸಣ್ಣದಾದಂತೆ ಸದ್ದೂ ಇಳಿಯುತ್ತದೆ. ಪೂರ್ತಿ ಮುಚ್ಚಿಹೋದರೆ ಇಂಜಿನ್ ಹಿತವಾಗಿ ಓಡುತ್ತಿದೆ ಅನ್ನಿಸುತ್ತದೆ, ಒಳಗೆ ಮಾತ್ರ ಅರೆತೆರೆದ ವಾಲ್ವಿನ ಅಂಚು ಸುಡುತ್ತಿರುತ್ತದೆ. ಹಾಗೇ ಬಿಟ್ಟರೆ ಒಂದು ದಿನ ವಾಲ್ವಿನ ತಲೆ ಮುರಿದು ಸಿಲಿಂಡರಿನೊಳಗೆ ಬೀಳುತ್ತದೆ. ಆಮೇಲೆ ಪಿಸ್ಟನ್ನೂ ಇಲ್ಲ, ಹೆಡ್ಡೂ ಇಲ್ಲ.

ಅಂದರೆ ಅವಳ ಪ್ರಶ್ನೆಗೆ ಉತ್ತರ ಒಂದೇ ಸಾಲಿನದು: "ಒಳ್ಳೇದಲ್ಲಮ್ಮ, ಗಾಡಿ ಸ್ಟಾರ್ಟ್ ಮಾಡಬೇಡ, ತಣ್ಣಗಾದ ಮೇಲೆ ಟ್ಯಾಪೆಟ್ ಸಂದು ನೋಡು." ಇದನ್ನು ಹೇಳೋಕೆ ಎಷ್ಟು ಹೊತ್ತು ಬೇಕು? ಬೈದದ್ದಕ್ಕಿಂತ ಕಮ್ಮಿಯೇ.

ನಾನೇ ಹೋಗಿ ಹೇಳಿದೆ. ಗಾಡಿ ಇಲ್ಲೇ ಬಿಟ್ಟು ಹೋಗು, ನಾಳೆ ಬೆಳಿಗ್ಗೆ ಇಬ್ಬರೂ ಕೂತು ನೋಡೋಣ ಅಂದೆ. ಅವಳು ಮೊದಲು ಕೇಳಿದ್ದು, "ಈಗಲೇ ಯಾಕೆ ನೋಡಬಾರದು?" ಅಂತ. ಅದೂ ಒಳ್ಳೇ ಪ್ರಶ್ನೆಯೇ. ಬಿಸಿ ಇಂಜಿನ್ನಿನಲ್ಲಿ ಹೆಡ್ಡು, ಸಿಲಿಂಡರಿನ ಬ್ಯಾರಲ್ಲು ಎಲ್ಲ ಹಿಗ್ಗಿರುತ್ತವೆ. ಆಗ ಅಳೆದ ಅಳತೆ ಸುಳ್ಳು. ರಾತ್ರಿಯೆಲ್ಲ ಆರಿದ ಇಂಜಿನ್ನೇ ಬೇಕು.

ಆ ಹಿರಿಯರ ಬಗ್ಗೆ ಎರಡು ಮಾತು ಹೇಳಲೇಬೇಕು. ಅವರ ಕೈ ಚಿನ್ನದಂಥ ಕೈ. ಬಿಚ್ಚಿ ಹರವಿದ ಇಂಜಿನ್ನನ್ನು ಅವರು ಜೋಡಿಸುವುದನ್ನು ನೋಡಬೇಕು, ಒಂದು ವಾಷರ್ ಕೂಡ ತಪ್ಪುವುದಿಲ್ಲ. ಕಷ್ಟದಲ್ಲಿ ಯಾರಾದರೂ ಕರೆದರೆ ಸ್ಪ್ಯಾನರ್ ಹಿಡಿದು ಬರುವವರೂ ಅವರೇ. ಆದರೆ ಕಲಿಯುವವರು ಎದುರಿಗೆ ನಿಂತರೆ ಅವರ ಮುಖ ಬಿಗಿಯುತ್ತದೆ. ತಾವು ಯಾರ ಕೈಕೆಳಗೋ ಬೈಸಿಕೊಂಡು ಕಲಿತಿದ್ದರಿಂದ ಬೈಗುಳವೂ ಪಾಠದ ಒಂದು ಭಾಗ ಅಂತ ಅವರು ನಂಬಿರಬೇಕು. ನಾನು ಅದನ್ನು ಒಪ್ಪುವುದಿಲ್ಲ. ಬೈಸಿಕೊಂಡೂ ಕಲಿತವರನ್ನು ನಾವು ಲೆಕ್ಕ ಹಾಕುತ್ತೇವೆ. ಬೈಸಿಕೊಂಡು ಗಾಡಿ ಮಾರಿ ಹೋದವರನ್ನು ಯಾರೂ ಲೆಕ್ಕ ಹಾಕುವುದಿಲ್ಲ.

ಅವರ ಮಾತಿಗಿಂತ ನನಗೆ ಹೆಚ್ಚು ನೋವಾಗಿದ್ದು ನಕ್ಕವರನ್ನು ನೋಡಿ. ಅವರಲ್ಲಿ ಒಬ್ಬರಿಗಾದರೂ ಉತ್ತರ ಗೊತ್ತಿತ್ತು ಅಂತ ನನಗೆ ಅನ್ನಿಸುವುದಿಲ್ಲ. ಗೊತ್ತಿದ್ದರೆ ನಗುತ್ತಿರಲಿಲ್ಲ.

ಸೋಮವಾರ ಬೆಳಿಗ್ಗೆ ಅವಳು ಬಂದಾಗ ನೋಟ್‌ಬುಕ್ಕೂ ಜೊತೆಗಿತ್ತು. ಕೆಲಸ ಶುರುಮಾಡುವ ಮೊದಲೇ ಪ್ರಶ್ನೆಗಳು. ಇದಕ್ಕೆ ನೀರು ಎಲ್ಲಿ ಹಾಕೋದು? ಎಲ್ಲೂ ಇಲ್ಲ, ಡೈನಮೋ ತುದಿಯಲ್ಲಿರುವ ಫ್ಯಾನ್ ಗಾಳಿಯನ್ನು ತಗಡಿನ ಗೂಡಿನೊಳಗೆ ನೂಕಿ ನಾಲ್ಕೂ ಸಿಲಿಂಡರಿನ ಮೇಲೆ ಹಾಯಿಸುತ್ತದೆ. ಆಯಿಲ್ ಫಿಲ್ಟರ್ ಎಲ್ಲಿದೆ? ಅದೂ ಇಲ್ಲ, ಕೆಳಗೆ ಒಂದು ತಂತಿಜಾಲರಿ ಇದೆ, ಅದನ್ನು ಬಿಚ್ಚಿ ತೊಳೆಯಬೇಕು. ಹಿಡಿಯುವುದೇ ಎರಡೂವರೆ ಲೀಟರ್ ಆಯಿಲ್, ಅಷ್ಟರಲ್ಲೇ ಇಂಜಿನ್ ಜಾರಬೇಕು, ಅಷ್ಟರಲ್ಲೇ ಆರಬೇಕು, ಆದ್ದರಿಂದ 5000 ಕಿ.ಮೀ. ಒಳಗೆ ಬದಲಿಸಿಬಿಡಬೇಕು. ಇಂಜಿನ್ ಗೂಡಿನ ಸುತ್ತ ಇರುವ ರಬ್ಬರ್ ಪಟ್ಟಿ ಬರೀ ನೋಟಕ್ಕಾ? ಖಂಡಿತ ಅಲ್ಲ. ಕೆಳಗೆ ಸಿಲಿಂಡರುಗಳಿಂದ ಇಳಿದ ಬಿಸಿಗಾಳಿ ಮೇಲೆ ಬಂದು ಮತ್ತೆ ಫ್ಯಾನಿಗೆ ಸಿಗದ ಹಾಗೆ ತಡೆಯುವುದೇ ಆ ಪಟ್ಟಿ. ಅವಳ ಗಾಡಿಯಲ್ಲಿ ಅದು ಅರ್ಧ ಕಿತ್ತುಹೋಗಿತ್ತು.

ಆಮೇಲೆ ಅವಳು ಕೇಳಿದ್ದು: "ನೀರೇ ಇಲ್ಲ, ಟೆಂಪರೇಚರ್ ಮೀಟರ್ರೂ ಇಲ್ಲ. ಹಾಗಾದ್ರೆ ಇಂಜಿನ್ ಕಾದಿದೆ ಅಂತ ಗೊತ್ತಾಗೋದು ಹೇಗೆ?"

ಇದನ್ನು ಕೇಳಿದಾಗ ಭಾನುವಾರದ ಆ ಮಾತು ನನಗೆ ಇನ್ನಷ್ಟು ಚುಚ್ಚಿತು. ಈ ಗಾಡಿಯಲ್ಲಿ ಇಂಜಿನ್ ಬಗ್ಗೆ ಡ್ರೈವರಿಗೆ ಹೇಳೋಕೆ ಇರುವುದು ಎರಡೇ ದೀಪ. ಒಂದು ಆಯಿಲ್ ಪ್ರೆಶರ್ ದೀಪ. ಇನ್ನೊಂದು ಡೈನಮೋ ದೀಪ. ಓಡುವಾಗ ಅದು ಹತ್ತಿಕೊಂಡರೆ ಬ್ಯಾಟರಿ ಚಾರ್ಜ್ ಆಗುತ್ತಿಲ್ಲ ಅಂತ ಮಾತ್ರ ತಿಳಿದುಕೊಂಡು ಮನೆತನಕ ಓಡಿಸುವವರಿದ್ದಾರೆ. ಡೈನಮೋ ತಿರುಗಿಸುವ ಬೆಲ್ಟೇ ಫ್ಯಾನನ್ನೂ ತಿರುಗಿಸುವುದು. ಬೆಲ್ಟ್ ಹರಿದಿದ್ದರೆ ಗಾಳಿಯೂ ನಿಂತಿದೆ ಅಂತ ಅರ್ಥ. ಆ ಕ್ಷಣವೇ ಪಕ್ಕಕ್ಕೆ ನಿಲ್ಲಿಸಿ ಇಂಜಿನ್ ಆಫ್ ಮಾಡಬೇಕು. ಈ ಎರಡು ದೀಪ ಬಿಟ್ಟರೆ ಉಳಿದದ್ದೆಲ್ಲ ಮೂಗು ಮತ್ತು ಕಿವಿ. ಪೆಟ್ರೋಲ್ ವಾಸನೆ ಬಂದರೆ ಹಿಂದಿನ ಹೋಸ್ ನೋಡಬೇಕು. ಹಳೇ ಹೋಸ್ ಒಣಗಿ ಸೀಳಿ, ಪ್ಲಗ್ಗುಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್ ಹತ್ತಿರ ಪೆಟ್ರೋಲ್ ತೊಟ್ಟಿಕ್ಕಿದರೆ ಬೆಂಕಿಯೇ ಗತಿ, ಇಂಜಿನ್ ಕೇಸೋ ಮೆಗ್ನೀಸಿಯಮ್ ಮಿಶ್ರಲೋಹದ್ದು, ಒಮ್ಮೆ ಹೊತ್ತಿಕೊಂಡರೆ ಆರಿಸುವುದು ಬಹಳ ಕಷ್ಟ. ಹೀಟರ್ ಹಾಕಿದಾಗ ಹೊಗೆ ವಾಸನೆ ಬಂದರೆ ಕಿಟಕಿ ಇಳಿಸಿ ಗಾಡಿ ನಿಲ್ಲಿಸಬೇಕು. ಸೈಲೆನ್ಸರಿಗೆ ಹೋಗುವ ಪೈಪಿನ ಸುತ್ತ ಹಾಯ್ದ ಗಾಳಿಯೇ ಒಳಗೆ ಬರುವುದರಿಂದ ಎಲ್ಲಾದರೂ ತೂತಾಗಿದ್ದರೆ ವಿಷಗಾಳಿಯೂ ಬರುತ್ತದೆ. ಹೀಗೆ ಮೀಟರ್ ಮಾಡಬೇಕಾದ ಕೆಲಸವನ್ನು ಮನುಷ್ಯ ಮಾಡಬೇಕಾದ ಗಾಡಿ ಇದು. ಸದ್ದು ಬದಲಾಗಿದೆ ಅಂತ ಗುರುತಿಸಿದವಳಿಗೆ ಇದನ್ನು ಓಡಿಸುವ ಮುಖ್ಯ ಯೋಗ್ಯತೆ ಆಗಲೇ ಬಂದಿದೆ. ಆ ಸದ್ದಿನ ಅರ್ಥ ಹೇಳುವುದಷ್ಟೇ ನಮ್ಮ ಪಾಲಿನ ಕೆಲಸವಾಗಿತ್ತು.

ಕೆಲಸ ಶುರುವಾಯಿತು. ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗೆದು, ಡೈನಮೋ ಪುಲ್ಲಿಯ ನಟ್ಟಿಗೆ ಸ್ಪ್ಯಾನರ್ ಹಾಕಿ ಇಂಜಿನ್ ತಿರುಗಿಸಿದೆವು. ಒಳಗೆ ತಿರುಗುವ ರೋಟರ್ ಡಿಸ್ಟ್ರಿಬ್ಯೂಟರಿನ ಅಂಚಿನಲ್ಲಿರುವ ಗೀರಿಗೆ ನೇರವಾಗಿ ಬಂದು, ಕೆಳಗಿನ ಪುಲ್ಲಿಯ ಗುರುತು ಕೇಸಿನ ಜೋಡಣೆಗೆ ಸರಿಯಾಗಿ ಕೂತರೆ ಒಂದನೇ ಸಿಲಿಂಡರ್ ಅಳೆಯೋಕೆ ಸಿದ್ಧ. ಅಲ್ಲಿಂದ ಕೆಳಗಿನ ಪುಲ್ಲಿಯನ್ನು ಹಿಂದಕ್ಕೆ ಅರ್ಧ ಸುತ್ತು ತಿರುಗಿಸುತ್ತಾ ಹೋದರೆ ಎರಡು, ಮೂರು, ನಾಲ್ಕು ಅಂತ ಸಾಲಾಗಿ ಬರುತ್ತವೆ. ಅವಳು ಗಾಡಿ ಕೆಳಗೆ ಮಲಗಿದಳು, ನಾನು ಮೇಲೆ ತಿರುಗಿಸಿದೆ. ಬಲಗಡೆಯ ತಂತಿ ಕ್ಲಿಪ್ಪನ್ನು ಸ್ಕ್ರೂಡ್ರೈವರಿನಿಂದ ಕೆಳಗೆ ಒತ್ತಿ ವಾಲ್ವುಗಳ ಮುಚ್ಚಳ ತೆಗೆದಳು. ಒಂದು, ಎರಡು ಎರಡೂ ಸರಿಯಿದ್ದವು. ಸಂದು ಅಳೆಯುವ ಫೀಲರ್ ಗೇಜಿನ 0.15 ಪಟ್ಟಿ ಸ್ವಲ್ಪ ಹಿಡಿದು ಹಿಡಿದು ಜಾರಿತು. ಆ ಹಿಡಿತ ಕೈಗೆ ಗೊತ್ತಾಗಲಿ ಅಂತ ಇನ್ನೆರಡು ಸಲ ಹಾಕಿ ತೆಗೆಯೋಕೆ ಹೇಳಿದೆ.

ಎಡಗಡೆಗೆ ಬಂದಳು. ಮೂರನೇ ಸಿಲಿಂಡರಿನ ಎಕ್ಸಾಸ್ಟ್, ಆ ಸಾಲಿನಲ್ಲಿ ಎಲ್ಲಕ್ಕಿಂತ ಮುಂದಿನದು. "ಇದು ಹೋಗ್ತಿಲ್ಲ." 0.10 ಹಾಕಿ ನೋಡು ಅಂದೆ. ಇಲ್ಲ. 0.05? ಅದೂ ಇಲ್ಲ. ಬೆರಳಿಂದ ರಾಕರ್ ಅಲ್ಲಾಡಿಸಿ ನೋಡು ಅಂದೆ. ಬೇರೆ ರಾಕರುಗಳು ಕಿಟ್ ಅಂತ ಒಂದಿಷ್ಟು ಆಡುತ್ತಿದ್ದವು. ಇದು ಬೆಸುಗೆ ಹಾಕಿದಂತೆ ಕೂತಿತ್ತು. ಕೆಳಗಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಇದಕ್ಕೇ ಸದ್ದು ನಿಂತಿದ್ದಾ?"

ಹೌದು, ಇದಕ್ಕೇ. ಮೂರನೆಯದೇ ಆಗಿದ್ದೂ ಆಕಸ್ಮಿಕ ಅಲ್ಲ. ಆ ಕಾಲದ ಇಂಜಿನ್ನುಗಳಲ್ಲಿ ಆಯಿಲ್ ಕೂಲರನ್ನು ಫ್ಯಾನ್ ಗೂಡಿನ ಒಳಗೇ, ಎಡಗಡೆ ಸಿಲಿಂಡರುಗಳಿಗೆ ಹೋಗುವ ಗಾಳಿಯ ದಾರಿಯಲ್ಲೇ ನಿಲ್ಲಿಸಿದ್ದರು. ಅದನ್ನು ದಾಟಿ ಬರುವ ಗಾಳಿ ಆಗಲೇ ಬಿಸಿ, ಅದರಿಂದ ಮೂರನೇ ಸಿಲಿಂಡರ್ ಉಳಿದವಕ್ಕಿಂತ ಹೆಚ್ಚು ಕಾಯುತ್ತದೆ. 1971ರ ಮಾದರಿಯಿಂದ ಕೂಲರಿಗೆ ಪ್ರತ್ಯೇಕ ಗೂಡು ಮಾಡಿ ಪಕ್ಕಕ್ಕೆ ಸರಿಸಿದರು. ಅವಳದು ಅದಕ್ಕಿಂತ ಹಳೆಯದು. ಇದರ ಜೊತೆಗೆ ಆ ರಬ್ಬರ್ ಪಟ್ಟಿ ಬೇರೆ ಕಿತ್ತುಹೋಗಿ ಬಿಸಿಗಾಳಿ ಮತ್ತೆ ಮತ್ತೆ ಫ್ಯಾನಿಗೆ ಸಿಗುತ್ತಿತ್ತು.

ಇಷ್ಟನ್ನೂ ಅವಳು ಬರೆದುಕೊಂಡಳು. ಆಯಿಲ್ ಆದ ಬೆರಳಿನ ಗುರುತು ಹಾಳೆ ತುಂಬ.

2003ರ ಜುಲೈ 30ರಂದು ಮೆಕ್ಸಿಕೋದ ಪ್ಯುಯೆಬ್ಲಾದಲ್ಲಿ ಕೊನೆಯ ಬೀಟಲ್ ಹೊರಬಂತು. ಒಟ್ಟು ತಯಾರಾಗಿದ್ದು 2 ಕೋಟಿ 15 ಲಕ್ಷಕ್ಕೂ ಹೆಚ್ಚು. ಒಂದು ಕಾಲದಲ್ಲಿ ಈ ಇಂಜಿನ್ ಬಿಚ್ಚುವುದು ಎಷ್ಟೋ ಮೆಕ್ಯಾನಿಕ್‌ಗಳಿಗೆ ದಿನನಿತ್ಯದ ಕೆಲಸ, ಅನ್ನದ ಕೆಲಸ. ಈಗ ಹಾಗೆ ಕಲಿತವರು ಮುದುಕರಾಗುತ್ತಿದ್ದಾರೆ. ಬಿಡಿಭಾಗ ಇನ್ನೂ ತಯಾರಾಗುತ್ತವೆ, ಪುಸ್ತಕಗಳೂ ಸಿಗುತ್ತವೆ. ಆದರೆ ಪುಸ್ತಕದಲ್ಲಿ "ಸಂದು 0.15 ಮಿ.ಮೀ. ಇಡಿ" ಅಂತ ಇರುತ್ತದೆ. ಪಟ್ಟಿ ಎಷ್ಟು ಹಿಡಿಯಬೇಕು, ಲಾಕ್‌ನಟ್ ಬಿಗಿಮಾಡುವಾಗ ಸಂದು ಹೊಂದಿಸುವ ಸ್ಕ್ರೂ ತಾನೂ ಒಂದಿಷ್ಟು ತಿರುಗಿ ಅಳತೆ ಕೆಡಿಸುತ್ತದೆ ಅನ್ನುವುದು, ಬಿಗಿಮಾಡಿದ ಮೇಲೆ ಮತ್ತೆ ಅಳೆಯಬೇಕು ಅನ್ನುವುದು ಪಕ್ಕದಲ್ಲಿ ಯಾರಾದರೂ ಕೂತರೆ ಒಂದೇ ಬೆಳಿಗ್ಗೆಯಲ್ಲಿ ಕೈಗೆ ಬರುತ್ತದೆ. ಒಬ್ಬಳೇ ಕಲಿಯಹೊರಟರೆ ಎಷ್ಟು ದಿನ ಬೇಕೋ. "ಪುಸ್ತಕ ಓದ್ಕೊಂಡು ಬಾ" ಅಂದರೆ ಈ ಪಕ್ಕದಲ್ಲಿ ಕೂರುವ ಕೆಲಸವನ್ನು ಒಲ್ಲೆ ಅಂದಂತೆ. ಹಾಗೆ ಒಬ್ಬೊಬ್ಬರೇ ಒಲ್ಲೆ ಅನ್ನುತ್ತಾ ಹೋದರೆ, ಇಷ್ಟು ಆಸೆಯಿಂದ ಕಾಪಾಡಿದ ಗಾಡಿಗಳನ್ನು ನಮ್ಮ ನಂತರ ಯಾರು ಸ್ಟಾರ್ಟ್ ಮಾಡುತ್ತಾರೆ? ಆ ಹಿರಿಯರ ಗಾಡಿಯನ್ನೂ ಸೇರಿಸಿಯೇ ಕೇಳುತ್ತಿದ್ದೇನೆ. ಇದನ್ನು ಅವರಿಗೆ ಮುಖಾಮುಖಿ ಹೇಳಬೇಕು, ಹೇಳುತ್ತೇನೆ.

ಮೂರನೆಯದರ ಸಂದನ್ನು 0.15ಕ್ಕೆ ತಂದು, ನಾಲ್ಕನೆಯದನ್ನೂ ನೋಡಿ, ಹೊಸ ಪ್ಯಾಕಿಂಗ್ ಹಾಕಿ ಮುಚ್ಚಳ ಮುಚ್ಚಿದಳು. ಇನ್ನು 500 ಕಿ.ಮೀ. ನಿಧಾನವಾಗಿ ಓಡಿಸಿ ಮತ್ತೆ ಅಳೆದು ನೋಡು ಅಂದೆ. ಸಂದು ಹಾಗೇ ಉಳಿದಿದ್ದರೆ ಚಿಂತೆಯಿಲ್ಲ. ಮತ್ತೆ ಮುಚ್ಚಿದ್ದರೆ ವಾಲ್ವ್ ಎಳೆದುಕೊಳ್ಳುತ್ತಿದೆ ಅಂತ ಅರ್ಥ. ಮತ್ತೆ ಮತ್ತೆ ಸಡಿಲ ಮಾಡಿ ಓಡಿಸಬಾರದು, ಇಂಜಿನ್ ಇಳಿಸಿ ಹೆಡ್ ಬಿಚ್ಚಬೇಕು.

"ಇಂಜಿನ್ ಇಳಿಸೋದು ನನ್ನ ಕೈಲಿ ಆಗುತ್ತಾ?"

ಆಗುತ್ತೆ ಅಂದೆ. ಗೇರ್‌ಬಾಕ್ಸಿಗೆ ಅದನ್ನು ಹಿಡಿದಿರುವುದು ನಾಲ್ಕೇ ಬೋಲ್ಟು. ಮೊದಲು ಹಿಂದಿನ ಸೀಟಿನ ಕೆಳಗಿನ ಬ್ಯಾಟರಿಯ ವೈರ್ ತೆಗಿ, ಪೆಟ್ರೋಲ್ ಹೋಸ್ ಬಿಚ್ಚಿ ಅದರ ಬಾಯಿ ಮುಚ್ಚು, ಆಕ್ಸಿಲರೇಟರ್ ಕೇಬಲ್, ಹೀಟರ್ ಕೇಬಲ್ ಬಿಡಿಸು, ಕೆಳಗೆ ಒಳ್ಳೇ ಜ್ಯಾಕ್ ಕೊಡು. ಆದರೆ ಒಬ್ಬಳೇ ಮಾಡಬೇಡ, ನನ್ನನ್ನು ಕರಿ.