ನೀರಿಗೆ ಏನು ಹಾಕುತ್ತೀರಿ?

ಏನೂ ಹಾಕುವುದಿಲ್ಲ. ಬರಿ ನೀರು.

ಲಾಲ್‌ಬಾಗಿನ ಗಣರಾಜ್ಯೋತ್ಸವದ ಫಲಪುಷ್ಪ ಪ್ರದರ್ಶನ ಮುಗಿದ ಮೇಲೆ ಶಿವರಾತ್ರಿಯವರೆಗೂ ಈ ಪ್ರಶ್ನೆ ತಪ್ಪುವುದಿಲ್ಲ. ಮನೆಯಂಗಳದ ಪ್ಯಾನ್ಸಿ, ಫ್ಲಾಕ್ಸ್, ಡಯಾಂಥಸ್, ಸ್ವೀಟ್ ಪೀ, ಬಟನ್ ಸೇವಂತಿಗೆ ಎಲ್ಲ ಕೊನೆಯ ಸುತ್ತಿಗೆ ಅರಳುವ ಕಾಲ ಅದು. "ನಿಮ್ಮನೆ ಹೂದಾನೀಲಿ ಹೂ ಅಷ್ಟು ದಿನ ಹೇಗಿರುತ್ತೆ? ನಮ್ಮನೇಲಿ ಮಾರನೇ ದಿನಕ್ಕೇ ಜೋತು ಬೀಳುತ್ತೆ. ನೀರಿಗೆ ಏನು ಹಾಕ್ತೀರಿ?" ಬರಿ ನೀರು ಅಂದರೆ ಯಾರೂ ನಂಬುವುದಿಲ್ಲ. ಏನೋ ಗುಟ್ಟು ಮುಚ್ಚಿಡುತ್ತಿದ್ದೇನೆ ಎಂಬ ಮುಖ ಮಾಡಿ, ತಾವೇ ಒಂದೊಂದಾಗಿ ಹೆಸರಿಸತೊಡಗುತ್ತಾರೆ: ಆಸ್ಪಿರಿನ್ನಾ? ಸಕ್ಕರೇನಾ? ನಾಣ್ಯ ಹಾಕಬೇಕಂತಲ್ಲ?

ನಾಣ್ಯದಿಂದಲೇ ಶುರು ಮಾಡೋಣ. ತಾಮ್ರಕ್ಕೆ ಬ್ಯಾಕ್ಟೀರಿಯಾ ಕೊಲ್ಲುವ ಗುಣ ಇರುವುದು ನಿಜ. ಆದರೆ ಈಗಿನ 1 ರೂಪಾಯಿ, 2 ರೂಪಾಯಿ ನಾಣ್ಯಗಳು ಸ್ಟೀಲಿನವು. ಅದನ್ನು ಹಾಕಿದರೆ ನಾಣ್ಯ ಒದ್ದೆಯಾಗುತ್ತದೆ, ಅಷ್ಟೇ. ಆಸ್ಪಿರಿನ್ನಿಂದ ನೆಚ್ಚಬಹುದಾದ ಉಪಯೋಗವಿಲ್ಲ. ಸಕ್ಕರೆಯ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಅದು ಮೊಗ್ಗಿಗೆ ಆಹಾರ ಹೌದು, ಬ್ಯಾಕ್ಟೀರಿಯಾಕ್ಕೂ ಅದೇ ಆಹಾರ. ಬ್ಯಾಕ್ಟೀರಿಯಾ ಬೆಳೆದು ಕಾಂಡದೊಳಗಿನ ನೀರಿನ ನಾಳ ಕಟ್ಟಿಕೊಂಡರೆ, ಹೂದಾನಿಯ ತುಂಬ ನೀರಿದ್ದರೂ ಹೂವು ಬಾಯಾರಿ ಸಾಯುತ್ತದೆ. ಹಾಕಲೇಬೇಕೆಂದಿದ್ದರೆ 1 ಲೀಟರ್ ನೀರಿಗೆ 2 ಟೀ ಚಮಚ ಸಕ್ಕರೆ, ಜೊತೆಗೆ ಕಡ್ಡಾಯವಾಗಿ ಕಾಲು ಚಮಚ ಬ್ಲೀಚ್ (ಬಟ್ಟೆಗೆ ಹಾಕುವ ದ್ರವ). ಅದೂ ಇನ್ನೂ ಮೊಗ್ಗುಗಳು ಅರಳಬೇಕಿರುವ ಆಂಟಿರೈನಮ್ (ಸ್ನ್ಯಾಪ್‌ಡ್ರ್ಯಾಗನ್), ಸ್ವೀಟ್ ಪೀಗಳಿಗೆ ಮಾತ್ರ. ಇದಕ್ಕೆ ನಿಂಬೆರಸ ಬೆರೆಸಬೇಡಿ; ಬ್ಲೀಚಿಗೆ ಹುಳಿ ಸೇರಿದರೆ ಕ್ಲೋರಿನ್ ಅನಿಲ ಹೊರಡುತ್ತದೆ.

ನನಗೆ ಬೇಸರ ತರಿಸುವುದು ಆ "ಹಾಕ್ತೀರಿ" ಅನ್ನುವ ಮಾತೇ. ಹೂವು ಹೂದಾನಿಗೆ ಬಂದು ಸೇರುವ ಹೊತ್ತಿಗೆ ಅದರ ಆಯುಷ್ಯ ಮುಕ್ಕಾಲು ಪಾಲು ನಿರ್ಧಾರವಾಗಿರುತ್ತದೆ. ಮಟಮಟ ಮಧ್ಯಾಹ್ನ ಗಿಡದಿಂದ ಚಿವುಟಿ, ಮುಷ್ಟಿಯಲ್ಲಿ ಹಿಡಿದುಕೊಂಡೇ ಪಕ್ಕದ ಮನೆಯವರೊಂದಿಗೆ ಹತ್ತು ನಿಮಿಷ ಮಾತಾಡಿ ಬಂದ ಪ್ಯಾನ್ಸಿಯನ್ನು ಯಾವ ಪುಡಿಯೂ ಉಳಿಸುವುದಿಲ್ಲ. ಕೇಳಬೇಕಾದ ಪ್ರಶ್ನೆ ಬೇರೆ ಇದೆ: ಯಾವ ಹೂವನ್ನು ಯಾವಾಗ ಕೊಯ್ಯಬೇಕು? ಇದನ್ನು ಕೇಳಿದವರಿಗೆ ಕಾಫಿ ಕೊಟ್ಟು ಕೂರಿಸಿ ಹೇಳುತ್ತೇನೆ.

ಹೊತ್ತು ಅಂದರೆ ಬೆಳಗ್ಗೆ, ಬಿಸಿಲು ಏರುವ ಮೊದಲು. ರಾತ್ರಿಯಿಡೀ ನೀರು ಕುಡಿದ ಕಾಂಡ ಆಗ ಬಿಗಿಯಾಗಿರುತ್ತದೆ. ಫೆಬ್ರವರಿಯಲ್ಲಿ ಬೆಳಗ್ಗೆ ತಂಪಿದ್ದರೂ ಹನ್ನೊಂದರ ಹೊತ್ತಿಗೆ ಗಾಳಿ ಒಣಗಿ ಎಸಳು ಸೊರಗಲು ಶುರುವಾಗುತ್ತದೆ. ಕತ್ತರಿಯ ಜೊತೆ ನೀರಿನ ಮಗ್ಗು ತೋಟಕ್ಕೇ ಹೋಗಬೇಕು. ಕೊಯ್ದ ಕೂಡಲೇ ಕಾಂಡ ನೀರಿಗೆ.

ಹಂತ ಒಂದೊಂದಕ್ಕೂ ಬೇರೆ. ಪ್ಯಾನ್ಸಿ ಪೂರ್ತಿ ಅರಳಿರಬೇಕು. ಆಂಟಿರೈನಮ್‌ನ ಉದ್ದ ಕಡ್ಡಿಯಲ್ಲಿ ಕೆಳಗಿನ ಮೂರನೇ ಒಂದು ಭಾಗದ ಹೂ ಅರಳಿದ್ದರೆ ಸಾಕು, ಉಳಿದವು ಒಳಗೆ ಬಂದು ಅರಳುತ್ತವೆ. ಆದರೆ ಅದನ್ನು ಅಡ್ಡ ಮಲಗಿಸಿದರೆ ತುದಿ ಮೇಲಕ್ಕೆ ಬಾಗಿಬಿಡುತ್ತದೆ, ನೆಟ್ಟಗೆ ನಿಲ್ಲಿಸಿಯೇ ತರಬೇಕು. ಫ್ಲಾಕ್ಸ್ ಗೊಂಚಲು ಅರ್ಧ ಬಿಚ್ಚಿರಲಿ. ಸ್ವೀಟ್ ಪೀಯಲ್ಲಿ ಕೆಳಗಿನ ಎರಡು ಹೂ ಅರಳಿ, ತುದಿಯ ಮೊಗ್ಗಿಗೆ ಬಣ್ಣ ಬಂದಿರಲಿ. ಡೇಲಿಯಾ ಕೊಯ್ದ ಮೇಲೆ ಹೆಚ್ಚು ಬಿಚ್ಚುವುದಿಲ್ಲ, ಮುಕ್ಕಾಲಾದರೂ ಅರಳಿದ್ದನ್ನೇ ಆರಿಸಿ. "ಗಿಡದಲ್ಲೇ ಇದ್ದರೆ ಚೆಂದ ಅಲ್ವಾ, ಕೀಳೋದು ಪಾಪ" ಅನ್ನುವವರಿಗೂ ಇಲ್ಲೇ ಹೇಳಿಬಿಡುತ್ತೇನೆ: ಪ್ಯಾನ್ಸಿ, ಸ್ವೀಟ್ ಪೀ ಎರಡೂ ಬೀಜ ಕಟ್ಟಲು ಬಿಟ್ಟರೆ ಹೂ ಕಡಿಮೆ ಮಾಡುತ್ತವೆ. ಕೊಯ್ದಷ್ಟೂ ಬಿಡುತ್ತವೆ.

ಒಳಗೆ ತಂದ ಮೇಲೆ ನೀರಿನ ಕೆಳಗೇ ತುದಿಯನ್ನು ಇನ್ನೊಮ್ಮೆ 1–2 ಸೆಂಟಿಮೀಟರ್ ಓರೆಯಾಗಿ ಕತ್ತರಿಸಿ. ಮೊದಲ ಸಲ ಕತ್ತರಿಸಿದಾಗ ನಾಳಕ್ಕೆ ನುಗ್ಗಿದ ಗಾಳಿಯ ಗುಳ್ಳೆ ಆ ತುಂಡಿನೊಂದಿಗೆ ಹೋಗುತ್ತದೆ. ಸೇವಂತಿಗೆಯ ಗಟ್ಟಿ ಕಾಂಡವನ್ನು ಕುಟ್ಟಬೇಕು ಎಂಬ ಮಾತು ಕೇಳಬೇಡಿ. ಜಜ್ಜಿದ ನಾರು ಬೇಗ ಕೊಳೆಯುತ್ತದೆ. ನೀರಿನ ಮಟ್ಟಕ್ಕಿಂತ ಕೆಳಗಿರುವ ಎಲೆಯನ್ನೆಲ್ಲ ತೆಗೆದು, ಉಗುರುಬೆಚ್ಚಗಿನ ನೀರಿನ ಬಕೆಟ್ಟಿನಲ್ಲಿ 2 ಗಂಟೆ ಕತ್ತಲಲ್ಲಿ ಬಿಡಿ. ಬಚ್ಚಲುಮನೆ ಸಾಕು. ಇಷ್ಟು ಮಾಡಿದವರಿಗೆ ಮಿಕ್ಕಿದ್ದು ಸುಲಭ.

ನೀರಿನ ಬಗ್ಗೆ ಕೇಳಲೇಬೇಕೆಂದರೆ ಅದು ಎಲ್ಲಿಂದ ಬಂತು ಎಂದು ಕೇಳಿ. ಅಪಾರ್ಟ್‌ಮೆಂಟುಗಳಲ್ಲಿ ಬೋರ್‌ವೆಲ್ ನೀರಿನ ಗಡಸುತನ ತೆಗೆಯಲು ಸಾಫ್ಟ್‌ನರ್ ಕೂರಿಸಿರುತ್ತಾರೆ. ಆ ನೀರಿನಲ್ಲಿ ಸೋಡಿಯಂ ಹೆಚ್ಚು, ಕೊಯ್ದ ಹೂವಿಗೆ ಅದು ಆಗಿಬರುವುದಿಲ್ಲ. ಕುಡಿಯುವ ಫಿಲ್ಟರ್ ನೀರನ್ನೇ ಹಾಕಿ, ಪುಟ್ಟ ಬಾಟಲಿಗೆ ಹಿಡಿಯುವುದು ಎಷ್ಟು?

ಹೌದು, ಪುಟ್ಟ ಬಾಟಲಿ. ಪ್ಯಾನ್ಸಿಯ ತೊಟ್ಟು ಬೆರಳುದ್ದ. ಅದನ್ನು ಮೊಳದುದ್ದದ ಗಾಜಿನ ಹೂದಾನಿಗೆ ಇಳಿಸಿದರೆ ಬಾಯೊಳಗೇ ಮುಳುಗಿಹೋಗುತ್ತದೆ. ಔಷಧಿ ಬಾಟಲಿ, ಶಾಯಿ ಬಾಟಲಿ, ಹಳೆಯ ಹಿತ್ತಾಳೆಯ ಪುಟ್ಟ ಚೊಂಬು: 6–8 ಸೆಂಟಿಮೀಟರ್ ಎತ್ತರ, 2–3 ಸೆಂಟಿಮೀಟರ್ ಬಾಯಿ ಇದ್ದರೆ ಸರಿ. ಹೂವು ಪಾತ್ರೆಯ ಎತ್ತರದ ಒಂದೂವರೆ ಪಟ್ಟಿಗಿಂತ ಮೇಲೇಳದಿದ್ದರೆ ಕಣ್ಣಿಗೆ ಹಿತ. ಬಾಯಿ ಅಗಲವಿದ್ದರೆ ಪಾರದರ್ಶಕ ಟೇಪನ್ನು ಚೌಕುಳಿಯಾಗಿ ಅಂಟಿಸಿಕೊಳ್ಳಿ. ಹೂ ಚುಚ್ಚಿ ನಿಲ್ಲಿಸುವ ಆ ಹಸಿರು ಸ್ಪಂಜು ಬೇಡವೇ ಬೇಡ. ಅದರೊಳಗೆ ಇಷ್ಟು ಮೆದು ತೊಟ್ಟು ಇಳಿಯುವುದಿಲ್ಲ, ಮುರಿಯುತ್ತದೆ. ಮೇಲಾಗಿ ಅದು ಪುಡಿಯಾಗಿ ಮಣ್ಣಿಗೆ ಸೇರುವ ಪ್ಲಾಸ್ಟಿಕ್.

ಮೊದಲು ಮರುಗದ ನಾಲ್ಕೈದು ಕಡ್ಡಿಗಳನ್ನು ಒಂದಕ್ಕೊಂದು ಅಡ್ಡ ಬರುವಂತೆ ಇಳಿಸಿ. ಒಳಗೆ ಅವೇ ಜಾಲರಿಯಾಗಿ ಉಳಿದ ಹೂಗಳನ್ನು ಹಿಡಿದುಕೊಳ್ಳುತ್ತವೆ, ಪರಿಮಳ ಬೇರೆ. ಆಮೇಲೆ ಎತ್ತರದ ಫ್ಲಾಕ್ಸ್ ಅಥವಾ ಡಯಾಂಥಸ್ ಮೂರು, ಕೊನೆಗೆ ಬಾಯಂಚಿನಲ್ಲಿ ಪ್ಯಾನ್ಸಿ, ಮುಖ ನಮ್ಮ ಕಡೆಗೆ. ಐದು ಬಣ್ಣ ತುರುಕಬೇಡಿ, ಎರಡು ಸಾಕು. ಪ್ಯಾನ್ಸಿಗೆ ಪ್ಯಾನ್ಸಿಯೇ ಹತ್ತು ಬಣ್ಣ ತಂದುಕೊಡುತ್ತದೆ.

ಪುಟ್ಟ ಬಾಟಲಿಯ ಒಂದೇ ತೊಂದರೆ ಎಂದರೆ ಸಂಜೆಗೆ ನೀರು ತಳ ಮುಟ್ಟಿರುತ್ತದೆ. ಬೆಳಗ್ಗೆ ಪೂರ್ತಿ ಬದಲಿಸಿ, ಸಂಜೆ ತುಂಬಿಸಿ. ಹೂ ಬದಲಿಸುವಾಗ ಬಾಟಲಿಯನ್ನು 1 ಲೀಟರ್ ನೀರಿಗೆ 1 ಚಮಚ ಬ್ಲೀಚ್ ಹಾಕಿ ಹತ್ತು ನಿಮಿಷ ನೆನೆಸಿ ಬ್ರಶ್ಶಿನಿಂದ ಉಜ್ಜಿ ತೊಳೆಯಿರಿ. ಒಳಗೋಡೆಯ ಲೋಳೆ ಹೋಗದೆ ಹೊಸ ನೀರು ಹಾಕಿ ಫಲವಿಲ್ಲ.

ಇಷ್ಟೆಲ್ಲ ಮಾಡಿಯೂ ಎಸಳು ಉದುರಿದರೆ ಮೇಜಿನ ಮೇಲೆ ಇನ್ನೇನಿದೆ ನೋಡಿ. ಮಾಗಿದ ಬಾಳೆಹಣ್ಣು, ಸಪೋಟಾ ಎಥಿಲೀನ್ ಅನಿಲ ಬಿಡುತ್ತವೆ, ಹೊಗೆಯಲ್ಲೂ ಅದಿರುತ್ತದೆ. ಸ್ವೀಟ್ ಪೀ, ಆಂಟಿರೈನಮ್, ಡಯಾಂಥಸ್ ಮೂರಕ್ಕೂ ಅದು ವಿಷ. ಸೇವಂತಿಗೆ ಅದಕ್ಕೆಲ್ಲ ಜಗ್ಗುವುದಿಲ್ಲ, ಹತ್ತು ದಿನ ನಿಲ್ಲುತ್ತದೆ. ಪ್ಯಾನ್ಸಿ ಎಷ್ಟು ನೋಡಿಕೊಂಡರೂ ಮೂರ್ನಾಲ್ಕು ದಿನವೇ. ಹಣ್ಣಿನ ಬುಟ್ಟಿಯನ್ನು ಅಡುಗೆಮನೆಗೆ ಕಳಿಸಿ, ಹೂವನ್ನು ಊದುಬತ್ತಿಯಿಂದ ದೂರ ಇಡಿ, ಮತ್ತು ಶಿವರಾತ್ರಿ ಕಳೆದು ಫ್ಯಾನ್ ಹಾಕತೊಡಗಿದ ಮೇಲೆ ಬಾಟಲಿಯನ್ನು ಅದರ ಗಾಳಿ ತಾಗದ ಮೂಲೆಗೆ ಸರಿಸಿ.